ಪಂದ್ಯಕ್ಕೆ ಪ್ರೇಕ್ಷಕರನ್ನು ಕರೆತರುವ ಬಗೆ ಯಾವುದು?

ಪ್ರಶ್ನೆ:
ನಮ್ಮ ತಾಲ್ಲೂಕಿನ ಹಾಕಿ ಕ್ಲಬ್ಬಿನ ಪಂದ್ಯಗಳಿಗೆ ಆಟಗಾರರ ಗೆಳೆಯರನ್ನು ಬಿಟ್ಟರೆ ಹೊರಗಿನವರು ಬರುವುದೇ ಅಪರೂಪ. ಟಿಕೆಟ್ ದರ ಇಳಿಸುವುದು, ಲಕ್ಕಿ ಡ್ರಾ ಇಡುವುದು, ಟಿ-ಶರ್ಟ್ ಹಂಚುವುದು ಮುಂತಾದ ಸಲಹೆಗಳು ಸಮಿತಿಯ ಮುಂದಿವೆ. ಇವುಗಳಲ್ಲಿ ಯಾವುದು ಜನರನ್ನು ಮತ್ತೆ ಮತ್ತೆ ಮೈದಾನಕ್ಕೆ ಕರೆತರಬಲ್ಲದು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆಮಿಷದಿಂದ ಗ್ಯಾಲರಿ ತುಂಬೀತು, ಆದರೆ ಬಂದವರ ಗಮನ ಆಟದ ಮೇಲಿರುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡವು 1974ರ ಜೂನ್ 4ರಂದು ಹತ್ತು ಸೆಂಟಿಗೆ ಒಂದು ಲೋಟ ಬಿಯರ್ ಮಾರಿದಾಗ 25,000ಕ್ಕೂ ಹೆಚ್ಚು ಜನ ಸೇರಿದ್ದರು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಸ್ಕೋರು 5-5 ಸಮವಾಗಿದ್ದಾಗ ಕುಡಿದವರು ಮೈದಾನಕ್ಕೆ ನುಗ್ಗಿ ಆಟಗಾರರ ಮೇಲೆಯೇ ಕೈಮಾಡಿದ್ದರಿಂದ, ಅಂಪೈರ್ ಆಟ ನಿಲ್ಲಿಸಿ ಎದುರಾಳಿ ಟೆಕ್ಸಸ್ ತಂಡವನ್ನು ವಿಜಯಿಯೆಂದು ಘೋಷಿಸಿದರು.

ಉತ್ತರ 2:
ಹಾಕಿಯ ವಿಷಯದಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಕೊಡಗನ್ನು ನೋಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡಗಳು ಮನೆತನದ ಹೆಸರಿನಲ್ಲಿಯೇ ಕಣಕ್ಕಿಳಿಯುತ್ತವೆ. ಹಿರಿಯರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗರು ಒಂದೇ ತಂಡದಲ್ಲಿ ಆಡುವುದುಂಟು. ತಮ್ಮವರೇ ಆಡುತ್ತಿರುವಾಗ ನೆಂಟರಿಷ್ಟರನ್ನು ಯಾರೂ ಒತ್ತಾಯಿಸಿ ಕರೆಯಬೇಕಾಗಿಲ್ಲ. ಪ್ರತಿ ಸಲವೂ ಬೇರೊಂದು ಮನೆತನ ಆತಿಥ್ಯ ವಹಿಸುವುದರಿಂದ ಪ್ರಚಾರದ ಹೊಣೆಯೂ ಹಂಚಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಯಾವ ಉಡುಗೊರೆಯೂ ಇದಕ್ಕೆ ಸಾಟಿಯಲ್ಲ.

ಉತ್ತರ 3:
ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ವಿರಾಮದ ವೇಳೆಯಲ್ಲಿ ಊರಿನ ಶಾಲಾ ಮಕ್ಕಳಿಗೆ ಅದೇ ಮೈದಾನದಲ್ಲಿ, ನಿಮ್ಮ ಗೋಲ್‌ಕೀಪರ್ ಎದುರು, ಪೆನಾಲ್ಟಿ ಹೊಡೆಯಲು ಅವಕಾಶ ಕೊಡಿ. ಜೊತೆಗೆ ಬರುವ ಪೋಷಕರಿಗೆ ಪ್ರವೇಶ ಉಚಿತವಾಗಿರಲಿ. ಲಕ್ಕಿ ಡ್ರಾ ಇಡುವುದೇ ಆದರೆ ಪಂದ್ಯ ಮುಗಿದ ಮೇಲೆ ಚೀಟಿ ಎತ್ತಿ, ಬಹುಮಾನವಾಗಿ ಹಾಕಿ ಸ್ಟಿಕ್ ಕೊಡಿ.