ಫಿಲ್ಟರ್ ಕಾಫಿ ಚರಟ ಮುಖಕ್ಕೆ ಉಜ್ಜಬಹುದಾ?

ಮೈಸೂರಿನಿಂದ:
ದಿನಾ ಬೆಳಿಗ್ಗೆ ಫಿಲ್ಟರ್ ತೊಳೆಯುವಾಗ ಒಂದು ಹಿಡಿ ಚರಟ ಸಿಗುತ್ತದೆ. ಗುಲಾಬಿ ಕುಂಡಕ್ಕೆ ಸುರಿದು ಸುರಿದು ಸಾಕಾಗಿದೆ, ಮೇಲೆ ಗಟ್ಟಿ ಪದರ ಕಟ್ಟಿ ನೀರೇ ಇಳಿಯುತ್ತಿಲ್ಲ. ಮುಖಕ್ಕೆ ಉಜ್ಜಿದರೆ ಹೊಳಪು ಬರುತ್ತದೆ ಅಂತ ತಂಗಿ ಹೇಳುತ್ತಾಳೆ. ಮಾಡಿ ನೋಡಿದವರು ಇದ್ದೀರಾ? ನಮ್ಮದು ಚಿಕೋರಿ ಬೆರೆಸಿದ ಪುಡಿ. ನನಗೆ ಮೊಡವೆ ಬೇರೆ ಇದೆ.

ಹಾಸನದಿಂದ:
ಮೊಡವೆ ಇದ್ದರೆ ಮುಖದ ತಂಟೆಗೇ ಹೋಗಬೇಡಿ. ನಾನು ಹೋಗಿ ಅನುಭವಿಸಿದ್ದೇನೆ. ಚರಟ, ಸಕ್ಕರೆ, ಕೊಬ್ಬರಿ ಎಣ್ಣೆ ಕಲಸಿ ಚೆನ್ನಾಗಿ ತಿಕ್ಕಿದೆ. ಆ ಹೊತ್ತಿಗೆ ನುಣುಪಾಯಿತು, ಖುಷಿಯೂ ಆಯಿತು. ಸಂಜೆಗೆ ಕೆನ್ನೆಯೆಲ್ಲ ಕೆಂಪು, ಉರಿ. ವಾರದೊಳಗೆ ಇನ್ನಷ್ಟು ಮೊಡವೆ. ಚರಟದ ಕಾಳು ಒರಟು, ಮುಖದ ಚರ್ಮ ತೆಳು. ಮೇಲಿಂದ ಕೊಬ್ಬರಿ ಎಣ್ಣೆ ಮೊಡವೆ ಇರುವವರಿಗೆ ಆಗಿಬರುವುದಿಲ್ಲ.

ಹಿಮ್ಮಡಿ, ಮೊಣಕೈಗೆ ಈಗಲೂ ಬಳಸುತ್ತೇನೆ. ಎರಡು ಚಮಚ ಚರಟಕ್ಕೆ ಒಂದು ಚಮಚ ಎಣ್ಣೆ. ವಾರಕ್ಕೊಮ್ಮೆ, ಒಂದೇ ನಿಮಿಷ, ಹಗುರವಾಗಿ. ಹಿಮ್ಮಡಿ ಒಡೆದು ರಕ್ತ ಬರುತ್ತಿದ್ದರೆ ಬೇಡ. ನಿಂಬೆರಸ ಹಿಂಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಆ ಉರಿಯೇ ಬೇರೆ.

ಬೆಂಗಳೂರಿನಿಂದ:
ಕಲಸಿಟ್ಟುಕೊಳ್ಳಬೇಡಿ. ನಾನು ಒಂದು ಬಾಟಲಿ ತುಂಬ ಮಾಡಿ ಬಚ್ಚಲಲ್ಲಿ ಇಟ್ಟಿದ್ದೆ. ಐದನೇ ದಿನ ಬಿಳಿ ಬೂಷ್ಟು! ಎಣ್ಣೆ ಇದ್ದರೇನು, ಚರಟದಲ್ಲಿ ತೇವ ಇತ್ತಲ್ಲ. ಈಗ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಡಬ್ಬಿಗೆ ಹಾಕುತ್ತೇನೆ. ಎಣ್ಣೆ ಬೆರೆಸುವುದು ಸ್ನಾನದ ಹೊತ್ತಿಗೇ. ಮಳೆಗಾಲದಲ್ಲಿ ಈ ಉಸಾಬರಿಯೇ ಇಲ್ಲ.

ಬಚ್ಚಲ ಜಾಲರಿಗೆ ಹಳೆ ಬಟ್ಟೆ ಹಾಸಿ. ಎಣ್ಣೆ, ಚರಟ ಸೇರಿ ಪೈಪ್ ಕಟ್ಟಿಕೊಂಡು ಪ್ಲಂಬರ್‌ಗೆ ದುಡ್ಡು ತೆತ್ತಿದ್ದೇನೆ. ನೆಲವೂ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಕೂಡಲೇ ಸೋಪು ಹಾಕಿ ತಿಕ್ಕಿಬಿಡಿ.

ಚಿಕ್ಕಮಗಳೂರಿನಿಂದ:
ಚಿಕೋರಿ ವಿಷಯ ಬಿಟ್ಟೇಹೋಯಿತು. ಅದು ಹುರಿದು ಪುಡಿ ಮಾಡಿದ ಬೇರು. ಕಾಫಿಗಿಂತ ಜಾಸ್ತಿ ನೀರಿಗೆ ಬಿಟ್ಟುಕೊಳ್ಳುತ್ತದೆ, ಉಳಿದದ್ದು ಮೆತ್ತಗೆ, ಅಂಟಂಟು. ಹಾಗಾಗಿ ನಿಮ್ಮ ಚರಟ ಒಣಗುವಾಗ ಉಂಡೆ ಕಟ್ಟಬಹುದು. ಬೆರಳಲ್ಲಿ ಪುಡಿ ಮಾಡಿದರೆ ಆಯಿತು.

ಇದರಲ್ಲಿ ಕೆಫೀನ್ ಇದೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ ಅನ್ನುವವರೂ ಸಿಗುತ್ತಾರೆ. ಕೆಫೀನ್ ಬಹುಪಾಲು ಡಿಕಾಕ್ಷನ್ ಜೊತೆಗೇ ಇಳಿದಿರುತ್ತದೆ. ನೀವು ಆಗಲೇ ಕುಡಿದು ಮುಗಿಸಿದ್ದೀರಿ! ಮುಖಕ್ಕೆ ಏನಾದರೂ ಬೇಕೇ ಬೇಕು ಅಂದರೆ ನುಣ್ಣಗಿನ ಕಡಲೆಹಿಟ್ಟು, ಮೊಸರು ಸಾಕಲ್ವಾ? ಅದನ್ನೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡಿ. ಮೊಡವೆ ಜೋರಾಗಿದ್ದರೆ ಸುಮ್ನೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಮೈಸೂರಿನಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹಿಮ್ಮಡಿಗೆ ಮಾತ್ರ ಹಚ್ಚಿದೆ, ಮೆತ್ತಗಾಗಿದೆ. ಆದರೆ ಬಿಳಿ ಟವೆಲ್‌ನಲ್ಲಿ ಒರೆಸಬಾರದು ಅಂತ ಒಬ್ಬರಾದರೂ ಹೇಳಬಾರದಿತ್ತಾ?