ಕಡಲ ಬದಿಯ ಹಳೇ ಮನೆಗೆ ಹೊಸ ನೆಲ: ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ (ಊರು ಕೋಟ ಪಡುಕರೆ, ಈಗ ಬೆಂಗಳೂರು)

ತೆರೆಯ ಸದ್ದು ಚಾವಡಿಗೆ ಕೇಳುವಷ್ಟು ಹತ್ತಿರ ನಮ್ಮ ಮನೆ. 1983ರಲ್ಲಿ ಅಪ್ಪ ಕಟ್ಟಿಸಿದ್ದು, ಸುಮಾರು 900 ಸ್ಕ್ವೇರ್ ಫೀಟ್, ಪೂರ್ತಿ ರೆಡ್ ಆಕ್ಸೈಡ್ ನೆಲ. ಈಗ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮಳೆಗಾಲದಲ್ಲಿ ನೆಲ ಬೆವರ್ತದೆ, ಅಮ್ಮನ ಕೋಣೆಯಲ್ಲಿ ಚಾಪೆ ಎತ್ತಿದರೆ ಅಡಿಯೆಲ್ಲ ಒದ್ದೆ. ಈ ಆಸಾಡಿಯಲ್ಲಿ ಅಮ್ಮ ಚಾವಡಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹಾಗಾಗಿ ಇನ್ನು ತಡ ಮಾಡುವುದಿಲ್ಲ ಅಂತ ತೀರ್ಮಾನ.

ಅಕ್ಕ ವಿಟ್ರಿಫೈಡ್ ಟೈಲ್ಸ್ ಅಂತಾಳೆ, ಭಾವ ಗ್ರಾನೈಟ್ ಅಂತಾರೆ, ನನ್ನ ಹೆಂಡತಿಗೆ ಮರದ ಹಾಗೆ ಕಾಣುವ ಲ್ಯಾಮಿನೇಟ್ ಇಷ್ಟ. ಕಂಟ್ರಾಕ್ಟರ್ ಅಂತೂ ಹಳೇ ನೆಲದ ಮೇಲೆಯೇ ಟೈಲ್ಸ್ ಅಂಟಿಸುವ, ಹತ್ತು ದಿನದ ಕೆಲಸ ಅಂತಿದ್ದಾರೆ. ಕಡಲ ಬದಿಯಲ್ಲೇ ಮನೆ ಇದ್ದು ನೆಲ ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ.

ಉಳ್ಳಾಲದಿಂದ

ಲ್ಯಾಮಿನೇಟ್ ಮಾತ್ರ ಬೇಡ ಮಾರಾಯ್ರೆ. ನಾವು ಮೇಲಿನ ಬೆಡ್‌ರೂಮಿಗೆ ಹಾಕಿಸಿದ್ದು. ಅದರ ಹೊಟ್ಟೆಯಲ್ಲಿ ಇರುವುದು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಮೊದಲ ಮಳೆಗಾಲ ಏನೂ ಆಗಲಿಲ್ಲ, ಎರಡನೆಯದರಲ್ಲಿ ಬಾಲ್ಕನಿ ಬಾಗಿಲಿನ ಹತ್ತಿರ ಜೋಡಣೆಗಳೆಲ್ಲ ಹಪ್ಪಳದ ಹಾಗೆ ಎದ್ದವು. ಅಂಗಡಿಯವರನ್ನು ಕೇಳಿದರೆ ನೀರು ಬಿದ್ದಿರಬೇಕು ಅಂದರು. ಬಿದ್ದಿಲ್ಲ ಅಂತ ನಾವು, ಬಿದ್ದಿದೆ ಅಂತ ಅವರು. ನೀರು ಬೀಳುವುದೇ ಬೇಡ, ಇಲ್ಲಿಯ ಗಾಳಿಯೇ ಸಾಕು. ಮರದ ಚಂದವೇ ಬೇಕಾದರೆ ಮರದ ಗೆರೆ ಇರುವ ಮ್ಯಾಟ್ ಟೈಲ್ಸ್ ಬರ್ತದೆ, ಅದನ್ನು ಹಾಕಿ. ಬರಿಗಾಲಿಗೆ ಮರದ ಸುಖ ಇಲ್ಲ, ಆದರೆ ಕಣ್ಣಿಗೆ ಉಂಟು.

ಹೊನ್ನಾವರದಿಂದ

ಇಪ್ಪತ್ತೆರಡು ವರ್ಷದಿಂದ ಈ ಕಡೆ ಮನೆ ಕೆಲಸ ಮಾಡಿಸ್ತಾ ಇದ್ದೇನೆ. ಯಾವ ಟೈಲ್ಸ್ ಅಂತ ಕೇಳುವ ಮುಂಚೆ ನಿಮ್ಮ ನೆಲಕ್ಕೆ ನೀರು ಎಲ್ಲಿಂದ ಬರ್ತಾ ಇದೆ ಅಂತ ಕಂಡುಹಿಡೀರಿ. ಮೇಲಿಂದ ಕೂರುವುದು ಬೇರೆ, ಅಡಿಯಿಂದ ಏರುವುದು ಬೇರೆ. ಕಣ್ಣಿಗೆ ಎರಡೂ ಒಂದೇ ಥರದ ಒದ್ದೆ, ಮದ್ದು ಮಾತ್ರ ಪೂರ್ತಿ ಬೇರೆ.

ಮೇಲಿಂದ ಕೂರುವುದು ನಿಜವಾದ ಬೆವರು. ಫ್ರಿಜ್ಜಿನಿಂದ ತೆಗೆದ ಬಾಟ್ಲಿಯ ಮೈಮೇಲೆ ಹನಿ ಕಟ್ಟುತ್ತದಲ್ಲ, ಅದೇ. ಮಳೆ ಹಿಡಿದ ಮೇಲೆ ನೆಲ ತಣ್ಣಗಿರ್ತದೆ. ಕಡಲ ಗಾಳಿ ಬೆಚ್ಚಗೆ, ನೀರು ಹೊತ್ತುಕೊಂಡು ಬಂದು ಅದಕ್ಕೆ ತಾಗ್ತದೆ. ಇದಕ್ಕೆ ಟೈಲ್ಸ್ ಪರಿಹಾರವೇ ಅಲ್ಲ. ವಿಟ್ರಿಫೈಡ್ ಅಂದರೆ ತನ್ನ ತೂಕದ ನೂರಕ್ಕೆ 0.5ಕ್ಕಿಂತಲೂ ಕಡಿಮೆ ನೀರು ಹೀರುವ ಹಾಗೆ ಸುಟ್ಟ ಮಾಲು, ಕೂತ ಹನಿ ಒಳಗೆ ಹೋಗುವುದಿಲ್ಲ, ಹಾಗೇ ಮೇಲೆ ನಿಂತಿರ್ತದೆ. ಅದೂ ಪಾಲಿಶ್ ಇರುವುದನ್ನು ಹಾಕಿಸಿದರೆ ಅಮ್ಮ ಇನ್ನೊಮ್ಮೆ ಬೀಳ್ತಾರೆ. ನೇರವಾಗಿ ಹೇಳಿದೆ, ಬೇಜಾರು ಮಾಡ್ಕೋಬೇಡಿ.

ಅಡಿಯಿಂದ ಏರುವುದಕ್ಕೆ ಕಾರಣ ಪಂಚಾಂಗದ, ಅಂದರೆ ಮನೆಯ ತಳಪಾಯದ ಕಟ್ಟೆಯ, ಒಳಗೆ ತುಂಬಿದ ಮಣ್ಣು. ನಾನು ಅಗೆಸಿದ ಹಳೇ ಮನೆಗಳಲ್ಲಿ ಹೆಚ್ಚಿನವಕ್ಕೆ ಹತ್ತಿರದಲ್ಲೇ ಸಿಕ್ಕಿದ ಹೊಯ್ಗೆಯನ್ನೋ (ಮರಳು) ಮಣ್ಣನ್ನೋ ತುಂಬಿ, ಮೇಲೆ ತೆಳ್ಳಗೆ ಕಾಂಕ್ರೀಟ್ ಎಳೆದು, ಅದರ ಮೇಲೆ ಆಕ್ಸೈಡ್ ಮಾಡಿದ್ದರು. ಆಷಾಢದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುವ ಜಾಗದಲ್ಲಿ ಈ ಮಣ್ಣು ದೀಪದ ಬತ್ತಿಯ ಹಾಗೆ ನೀರು ಎಳೀತದೆ.

ಪರೀಕ್ಷೆಗೆ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲ ಒರೆಸಿ ಒಣಗಿಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಹಚ್ಚಿ. ಒಂದು ರಾತ್ರಿ ಒಂದು ಹಗಲು ಬಿಡಿ. ಆಮೇಲೆ ಬೆರಳಾಡಿಸಿ ನೋಡಿ: ಹಾಳೆಯ ಮೇಲ್ಮೈ ಒದ್ದೆ ಇದ್ದರೆ ಗಾಳಿಯ ನೀರು, ಬಿಡಿಸಿದಾಗ ಒಳಮೈಯಲ್ಲಿ ಹನಿ ಇದ್ದರೆ ನೆಲದ ನೀರು. ಪ್ರತಿ ಕೋಣೆಗೂ ಬೇರೆ ಬೇರೆ ಮಾಡಿ, ಮಳೆ ಇರುವಾಗಲೇ ಮಾಡಿ. ಫೆಬ್ರವರಿಯಲ್ಲಿ ಮಾಡಿದರೆ ಎಲ್ಲ ನೆಲವೂ ಒಳ್ಳೇ ನೆಲವೇ.

ಅಡಿಯ ನೀರು ಅಂತಾದರೆ ಹಳೇ ನೆಲದ ಮೇಲೆ ಟೈಲ್ಸ್ ಅಂಟಿಸುವುದು ಗಾಯ ತೊಳೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ. ನೀರು ಕೀಲುಗಳಲ್ಲಿ ಬರ್ತದೆ, ಇಲ್ಲವಾದರೆ ಗೋಡೆ ಹತ್ತಿ ಸ್ಕರ್ಟಿಂಗಿನ (ಗೋಡೆ ಬುಡದ ಟೈಲ್ಸ್ ಪಟ್ಟಿ) ಮೇಲೆ ಬಣ್ಣ ಉದುರಿಸ್ತದೆ. ನೀರು ಹೀರುವ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಗೋಡೆ ಆದರೆ ಕೇಳುವುದೇ ಬೇಡ.

ಕಾರವಾರದಿಂದ

ಹೊನ್ನಾವರದವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ನಾನು ದುಡ್ಡು ಕೊಟ್ಟು ಕಲಿತದ್ದು. ನಮ್ಮದು ಗ್ರಾನೈಟ್. ಕಲ್ಲಿನ ಬಗ್ಗೆ ಒಂದು ದೂರೂ ಇಲ್ಲ. ಹಾಳು ಮಾಡಿದ್ದು ಅದರ ಅಡಿಗೆ ಹಾಕಿದ ಹೊಯ್ಗೆ. ಕಾಳಿ ನದಿ ಸಮುದ್ರ ಸೇರುವ ಕಡೆಯದ್ದು, ಉಬ್ಬರದಲ್ಲಿ ಉಪ್ಪುನೀರು ಹತ್ತಿ ಇಳಿಯುವ ಜಾಗ. ಮೇಸ್ತ್ರಿ ತೊಳೆದಿದ್ದೇವೆ ಅಂದ, ನಾನು ನಂಬಿದೆ.

ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿ ಕಲ್ಲುಪ್ಪು ತಾನಾಗೇ ನೀರು ಬಿಡ್ತದಲ್ಲ? ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರು ಎಳೆಯೋಕೆ ಶುರು ಮಾಡ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಂದರೆ ನನ್ನ ಗ್ರಾನೈಟಿನ ಅಡಿಯಲ್ಲಿ ನಾನೇ ಒಂದು ಉಪ್ಪಿನ ಭರಣಿ ಹೂತಿಟ್ಟ ಹಾಗಾಯ್ತು. ಮಳೆಗಾಲದಲ್ಲಿ ಕಲ್ಲಿನ ಅಂಚುಗಳು ಕಪ್ಪಾಗಿ ಒದ್ದೆ ಕಾಣ್ತವೆ, ಜನವರಿಗೆ ಒಣಗುವಾಗ ಪ್ರತಿ ಕೀಲಿನಲ್ಲೂ ಬಿಳಿ ಹುಡಿ ಏಳ್ತದೆ. ಒರೆಸಿದರೆ ಹೋಗ್ತದೆ, ವಾರದಲ್ಲಿ ಮತ್ತೆ ಬರ್ತದೆ. ಆರು ವರ್ಷ ಆಯ್ತು.

ಪಕ್ಕದ ಮನೆಯ ಕೆಲಸಕ್ಕೆ ಬಂದಿದ್ದ ಮುದುಕ ಮೇಸ್ತ್ರಿಯೊಬ್ಬರು ಲೋಡ್ ಇಳಿಸುವ ಮುಂಚೆ ಒಂದು ಚಿಟಿಕೆ ಹೊಯ್ಗೆ ತೆಗೆದು ನಾಲಿಗೆ ತುದಿಗೆ ಇಟ್ಟರು. ಥೂ ಅಂತ ಉಗಿದು ಲಾರಿಯನ್ನು ವಾಪಸ್ ಕಳಿಸಿದರು. ನನಗೆ ಆ ಮನುಷ್ಯ ಒಂದು ವರ್ಷ ಮುಂಚೆ ಸಿಗಬೇಕಿತ್ತು. ಸಂಶಯ ಬಂದರೆ ಎಂ ಸ್ಯಾಂಡೇ (ಕಲ್ಲು ಪುಡಿ ಮಾಡಿದ ಮರಳು) ಹಾಕಿಸಿ, ಕಲಸುವ ನೀರೂ ಸಿಹಿನೀರೇ ಆಗಿರಲಿ. ಪಡುಕರೆಯಲ್ಲಿ ಬಾವಿ ನೀರು ಬೇಸಿಗೆಗೆ ಉಪ್ಪಾಗ್ತದೆಯಾ ನೋಡಿಕೊಳ್ಳಿ, ನಿಮ್ಮ ಕೆಲಸ ನಡೆಯುವುದು ಅದೇ ಸಮಯಕ್ಕೆ.

ಕುಂದಾಪುರದಿಂದ

ರೆಡ್ ಆಕ್ಸೈಡ್ ಕೀಳಿಸುವ ಮುಂಚೆ ಒಂದ್ಸಲ ಕಾಣಿ ಅಂತ ಹೇಳುವವಳು ನಾನೊಬ್ಬಳಾದರೂ ಇರಲಿ. ನಲವತ್ತು ವರ್ಷ ಅಮ್ಮನ ಕಾಲು ಸವೆಸಿ ಕನ್ನಡಿ ಮಾಡಿದ ನೆಲ ಅದು. ಬೇಸಿಗೆಯಲ್ಲಿ ಮಧ್ಯಾಹ್ನ ಚಾಪೆ ಇಲ್ಲದೆ ಮಲಗಿದರೆ ಆಗುವ ತಂಪು ಯಾವ ಟೈಲ್ಸಿನಲ್ಲೂ ಇಲ್ಲ. ಕೂದಲೆಳೆಯ ಬಿರುಕು ನೆಲದ ದೋಷ ಅಲ್ಲ, ವಯಸ್ಸು. ಕಾಲಿಗೆ ಸಿಗುವಷ್ಟು ಎದ್ದಿದ್ದರೆ ಮಾತ್ರ ಚಿಂತೆ ಮಾಡಿ.

ಆದರೆ ಹೊಸದಾಗಿ ಮಾಡಿಸುವುದು ಸುಲಭ ಅಂತ ಹೇಳುವುದಿಲ್ಲ. 2019ರಲ್ಲಿ ನಾವು ದೇವರ ಕೋಣೆಗೆ ಮಾಡಿಸಿದೆವು. ಕೆಲಸ ಬಲ್ಲ ಮೇಸ್ತ್ರಿ ಹುಡುಕಲಿಕ್ಕೇ ಎರಡು ತಿಂಗಳು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಬಣ್ಣ, ಕಾಂಕ್ರೀಟ್ ಪೂರ್ತಿ ಒಣಗುವ ಮುಂಚೆಯೇ ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತಂದರು. ಮಾರನೇ ದಿನ ಅವರ ಸಹಾಯಕ ಹುಡುಗ ಅವಸರದಲ್ಲಿ ಒದ್ದೆ ಗೋಣಿಚೀಲ ಹಾಸಿಬಿಟ್ಟ. ಮೇಲ್ಮೈ ಇನ್ನೂ ಮೆತ್ತಗಿತ್ತು. ಗೋಣಿಯ ಎಳೆ ಎಳೆಯೂ ಮೂಲೆಯೊಂದರಲ್ಲಿ ಅಚ್ಚಾಗಿದೆ, ಮಣೆ ಹಾಕಿ ಮುಚ್ಚಿದ್ದೇವೆ. ಹತ್ತು ದಿನ ನೀರು ನಿಲ್ಲಿಸಿ, ಆಮೇಲೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದ್ದು. ಒಂದು ಗುಟ್ಟು: ಮಳೆಗಾಲದಲ್ಲಿ ಎಣ್ಣೆಯಾಗಲಿ ಮೇಣವಾಗಲಿ ಮುಟ್ಟಬೇಡಿ. ಬೆವರಿಗೆ ಎಣ್ಣೆ ಸೇರಿದರೆ ನಿಮ್ಮ ಅಮ್ಮನ ಕಥೆಯೇ. ಅವರೇನಾದರೂ ಎಣ್ಣೆ ಒರೆಸಿದ್ದರಾ ಕೇಳಿ ನೋಡಿ.

ಮಂಗಳೂರಿನಿಂದ

ಮೂರು ಸಣ್ಣ ವಿಷಯ. ಮಾರ್ಬಲ್ ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ನಮ್ಮ ಊಟದ ಕೋಣೆಯಲ್ಲಿ ಪುನರ್ಪುಳಿ ಶರಬತ್ತಿನ ಲೋಟ ಇಟ್ಟ ಕಡೆ ಉಂಗುರದ ಹಾಗೆ ಹೊಳಪು ಹೋಗಿದೆ. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಹುಳಿ ತಾಗಿದರೆ ತಿನ್ನಿಸಿಕೊಳ್ತದೆ. ಕರಾವಳಿಯ ಅಡುಗೆಯಲ್ಲಿ ಹುಳಿ ಇಲ್ಲದ್ದು ಯಾವುದು?

ಎರಡನೆಯದು ಬಾಗಿಲಿನ ಅಂಚಿಗೆ ಹಾಕುವ ಲೋಹದ ಪಟ್ಟಿ. ಸಾಧಾರಣ ಸ್ಟೀಲಿನದ್ದು ಒಂದೇ ವರ್ಷಕ್ಕೆ ತುಕ್ಕು ಬಿಟ್ಟು ಟೈಲ್ಸಿಗೂ ಕಲೆ ಮಾಡ್ತದೆ. ಪಿವಿಸಿ ಹಾಕಿ, ಇಲ್ಲಾ 316 ಗ್ರೇಡಿನ ಸ್ಟೇನ್‌ಲೆಸ್ ಕೇಳಿ ತರಿಸಿ.

ಮೂರನೆಯದು, ಟೈಲ್ಸ್ ಮತ್ತು ಗೋಡೆಯ ನಡುವೆ ಜಾಗ ಬಿಡಿಸಿ. ನಮ್ಮಲ್ಲಿ ಅಂಚಿಗೆ ಅಂಚು ತಾಗಿಸಿ ಗೋಡೆವರೆಗೂ ಬಿಗಿ ಮಾಡಿದ್ದರು. ಒಂದು ಏಪ್ರಿಲ್ ಮಧ್ಯಾಹ್ನ ಹಾಲ್‌ನಲ್ಲಿ ಢಬ್ ಅಂತ ಸದ್ದು. ಗ್ಯಾಸ್ ಸಿಲಿಂಡರ್ ಅಂತ ಎಲ್ಲರೂ ಅಂಗಳಕ್ಕೆ ಓಡಿದೆವು. ಬಂದು ನೋಡಿದರೆ ನಾಲ್ಕು ಟೈಲ್ಸ್ ಡೇರೆ ಕಟ್ಟಿದ ಹಾಗೆ ಎದ್ದು ನಿಂತಿದ್ದವು. ಬದಲಿಸುವ ಅಂದರೆ ಅದೇ ಶೇಡ್ ಮಾರ್ಕೆಟಿನಲ್ಲಿ ಇಲ್ಲ. ಲೆಕ್ಕಕ್ಕಿಂತ ನೂರಕ್ಕೆ ಹತ್ತು ಹೆಚ್ಚು ತಗೊಳ್ಳಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಉಂಟಾ ನೋಡಿ ಇಳಿಸಿಕೊಳ್ಳಿ, ಒಂದು ಪೆಟ್ಟಿಗೆ ಅಟ್ಟಕ್ಕೆ ಹಾಕಿ ಮರೆತುಬಿಡಿ.

ಅಜ್ಜಿ ಮನೆಯ ಸುಟ್ಟಮಣ್ಣಿನ ನೆಲಹಾಸು ಬೆವರಿದ್ದು ನಾನು ಕಂಡಿಲ್ಲ. ಇಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬಂದ ಚಾಳಿ ಅದು. ಮಣ್ಣು ನೀರು ಕುಡಿದು ನಿಧಾನ ಬಿಡ್ತದೆ. ಆದರೆ ಮೀನಿನ ಸಾರು ಚೆಲ್ಲಿದರೂ ಕುಡೀತದೆ, ಅದೊಂದು ಕಷ್ಟ.

ಕೋಟ ಪಡುಕರೆ (ಕೇಳಿದವನೇ)

ಎಲ್ಲರಿಗೂ ನಮಸ್ಕಾರ. ಚೌತಿಗೆ ಊರಿಗೆ ಹೋದವನು ಪ್ಲಾಸ್ಟಿಕ್ ಪರೀಕ್ಷೆ ಮಾಡಿದೆ. ಮಳೆ ಹೊಯ್ಯುತ್ತಲೇ ಇತ್ತು. ಗಣಪತಿ ಇಟ್ಟ ಮನೆಯಲ್ಲಿ ನೆಲಕ್ಕೆಲ್ಲ ಟೇಪ್ ಹಚ್ಚಿದ್ದು ನೋಡಿ ಬಂದವರೆಲ್ಲ ಎಂತ ಇದು ಅಂತ ಕೇಳಿ ಕೇಳಿ ಸಾಕಾಯ್ತು.

ಚಾವಡಿಯಲ್ಲಿ ಹಾಳೆಯ ಮೇಲ್ಮೈ ಒದ್ದೆ, ಒಳಮೈ ಪೂರ್ತಿ ಒಣ. ಅಡುಗೆಮನೆಯದು ಎರಡೂ ಕಡೆ ಒಣ. ಅಮ್ಮನ ಕೋಣೆಯಲ್ಲಿ ಬಿಡಿಸಿದಾಗ ಒಳಗಡೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಹನಿ. ಅದರ ಹಿಂದೆಯೇ ಬಚ್ಚಲಿನ ನೀರು ಹೋಗುವ ಚರಂಡಿ, ಅದೂ ಒಡೆದಿದೆ. ಇಷ್ಟು ವರ್ಷ ಯಾರೂ ಆ ಕಡೆ ಹೋಗಿ ನೋಡಿಲ್ಲ, ನಾನೂ ಸೇರಿ. ಮತ್ತೆ ಕುಂದಾಪುರದ ಅಕ್ಕ ಕೇಳಿದ್ದು ಸರಿ, ಅಮ್ಮ ಬೀಳುವ ಮುಂಚೆ, ನೆಲ ಹೊಳೆಯಲಿ ಅಂತ, ಚಾವಡಿಗೆ ತೆಂಗಿನೆಣ್ಣೆ ಒರೆಸಿದ್ದರಂತೆ. ಡಾಕ್ಟರ ಹತ್ತಿರವೂ ಹೇಳದ ವಿಷಯ ಇದು.

ಈಗ ಚಾವಡಿ, ಅಡುಗೆಮನೆ ಹಾಗೇ ಬಿಟ್ಟು ಅಮ್ಮನ ಕೋಣೆ ಮಾತ್ರ ಅಗೆಸುವ ಅಂತ ಇದ್ದೇನೆ. ಕಂಟ್ರಾಕ್ಟರಿಗೆ ಮುಖ ಸಣ್ಣದಾಗಿದೆ. ಅಗೆದ ಮೇಲೆ ಒಳಗೆ ಏನೇನು ಹಾಕಿಸಬೇಕು?

ಹೊನ್ನಾವರದಿಂದ

ಮೊದಲು ಚರಂಡಿ ಸರಿ ಮಾಡಿಸಿ, ಗೋಡೆಯಿಂದ ದೂರಕ್ಕೆ ತಿರುಗಿಸಿ. ಅರ್ಧ ರೋಗ ಅಲ್ಲೇ ಇರಬಹುದು.

ಕೋಣೆಯನ್ನು ಹನ್ನೆರಡು ಹದಿಮೂರು ಇಂಚು ಅಗೆಸಿ, ಆದರೆ ಗೋಡೆಯ ಬುನಾದಿಗೆ ಕೈ ಹಾಕಬಾರದು. ಮಣ್ಣು ಬಡಿದು ಗಟ್ಟಿ (ಧಮ್ಮಸ್) ಮಾಡಿ, ಗೆದ್ದಲಿನ ಔಷಧಿ ಹೊಡೆಸಿ. ಅದರ ಮೇಲೆ ಆರು ಇಂಚು ದಪ್ಪ ಜೆಲ್ಲಿ, ಪುಡಿ ಇಲ್ಲದ ದೊಡ್ಡ ಜೆಲ್ಲಿ. ಕಲ್ಲಿನ ನಡುವಿನ ಸಂದು ದೊಡ್ಡದಿದ್ದರೆ ನೀರಿಗೆ ಮೇಲೆ ಹತ್ತಲಿಕ್ಕಾಗುವುದಿಲ್ಲ, ಇಡೀ ಕೆಲಸದ ಜೀವ ಇರುವುದು ಇಲ್ಲೇ. ಮೇಲೆ ತೆಳ್ಳಗೆ ಎಂ ಸ್ಯಾಂಡ್ ಹರಡಿ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಜೋಡಿಸುವ ಕಡೆ ಒಂದರ ಮೇಲೊಂದು ಅರ್ಧ ಅಡಿ ಬರಲಿ, ಅಂಚನ್ನು ಗೋಡೆಗೆ ಮಡಚಿ ಮೇಲೆತ್ತಿ. ಕೆಲಸದವರು ಅದರ ಮೇಲೆ ಸಲಿಕೆ ಎಳೆದು ಹರೀತಾರೆ, ನೀವು ಎದುರೇ ನಿಂತಿರಿ. ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ ನೀರು ಹಾಕಿ ಕ್ಯೂರಿಂಗ್ ಮಾಡಿಸಿ, ತಿಂಗಳು ಒಣಗಲು ಬಿಡಿ. ಡಿಸೆಂಬರ್‌ನಲ್ಲಿ ಅಗೆದರೆ ಫೆಬ್ರವರಿಗೆ ಟೈಲ್ಸ್.

ಟೈಲ್ಸ್ ಮ್ಯಾಟ್ ಇರಲಿ, ಎರಡಡಿ ಚೌಕದ್ದು ಸಾಕು. ಪೆಟ್ಟಿಗೆಯ ಮೇಲೆ ಆರ್10 (ಜಾರದಿರುವುದರ ಗುರುತು, ಅಂಕಿ ಹೆಚ್ಚಾದಷ್ಟು ಹಿಡಿತ ಹೆಚ್ಚು) ಅಂತ ಇದ್ದರೆ ಕೋಣೆಗೆ ಒಳ್ಳೇದು, ಬಚ್ಚಲಿಗೆ ಆರ್11 ಕೇಳಿ. ಅಂಟಿಗೆ ಬರೀ ಸಿಮೆಂಟ್ ಬೇಡ, ನೀರು ಹೀರದ ಟೈಲ್ಸಿಗೆ ಅದು ಹಿಡಿಯುವುದಿಲ್ಲ. ಟೈಲ್ ಅಡ್ಹೆಸಿವ್ ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೀಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿ ಹೋಗುವ ಚಟ ಕೆಲವರಿಗಿದೆ. ಮಾರನೇ ದಿನ ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಕೀಳಿಸಿಯೇ ದುಡ್ಡು ಕೊಡಿ.

ಚಾವಡಿಗೆ ನೆಲ ಬೆವರುವ ದಿನಗಳಲ್ಲಿ ಪಡುಬದಿಯ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಅಮ್ಮ ನಡೆಯುವ ದಾರಿಗೆ ಸೆಣಬಿನ ಚಾಪೆ ಹಾಸಿ.

ಕುಂದಾಪುರದಿಂದ

ಎಣ್ಣೆಯ ವಿಷಯ ಕೇಳಿ ನಗು ಬಂತು, ಅಮ್ಮನಿಗೆ ಬೈಬೇಡಿ. ಒಂದು ಮಾತು, ಕೋಣೆಯ ಹೊಸ ನೆಲ ಚಾವಡಿಯ ಮಟ್ಟಕ್ಕೇ ಬರುವ ಹಾಗೆ ಮೊದಲೇ ದಾರ ಕಟ್ಟಿಸಿ ಗುರುತು ಮಾಡಿಸಿ. ನಮ್ಮಲ್ಲಿ ಮುಕ್ಕಾಲು ಇಂಚು ಮೇಲೆ ಬಂದು ಹೊಸ್ತಿಲು ಅರ್ಧ ಮುಳುಗಿತು, ಬಾಗಿಲಿನ ಅಡಿ ಕೊಯ್ಯಿಸಬೇಕಾಯ್ತು. ಹಾಗೇನಾದರೂ ಆಗ್ತದೆ ಅಂತ ಕಂಡರೆ ಬಡಗಿಯನ್ನು ಈಗಲೇ ಹೇಳಿಡಿ. ದೀಪಾವಳಿ ಕಳೆದ ಮೇಲೆ ಒಬ್ಬನೂ ಫೋನ್ ಎತ್ತುವುದಿಲ್ಲ.