ಐಗೇಟ್ ನಕ್ಷೆಯಲ್ಲಿದೆ, ಹ್ಯಾಂಡಿ (ಕೈ ರೇಡಿಯೊ) ಕಾಣುತ್ತಿಲ್ಲ. ಸಹಾಯ ಬೇಕು
ಹ್ಯಾಮ್ ರೇಡಿಯೊ ಸ್ನೇಹಿತರೇ, ಚಿಕ್ಕಮಗಳೂರಿನ ಮನೆಯಲ್ಲಿ ಎಪಿಆರ್‌ಎಸ್ (ಇರುವ ಜಾಗವನ್ನು ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆ) ಐಗೇಟ್ ಹಾಕಿದ್ದೇನೆ, ಅಂದರೆ ರೇಡಿಯೊದಲ್ಲಿ ಬಂದ ಸಂದೇಶದ ಪ್ಯಾಕೆಟ್‌ಗಳನ್ನು ಇಂಟರ್ನೆಟ್ ನಕ್ಷೆಗೆ ಕಳಿಸುವ ಸ್ಟೇಷನ್. ರಾಸ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿ ರೇಡಿಯೊ ರಿಸೀವರ್), ಡೈರ್‌ವುಲ್ಫ್ (ಪ್ಯಾಕೆಟ್ ಡಿಕೋಡ್ ಮಾಡುವ ಸಾಫ್ಟ್‌ವೇರ್), ಅಷ್ಟೇ. ಕೇಳಿಸಿಕೊಳ್ಳುತ್ತದೆ, ಪ್ರಸಾರ ಮಾಡುವುದಿಲ್ಲ. ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಕಡೆ ಹೋದಾಗ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಾನು ಎಲ್ಲಿದ್ದೇನೆ ಅಂತ ಮನೆಯವರಿಗೆ ಗೊತ್ತಾಗಬೇಕಲ್ವಾ?

ಐಗೇಟ್‌ನ ಸ್ವಂತ ಜಾಗ ನಕ್ಷೆಯಲ್ಲಿ ಬರುತ್ತದೆ. ಹ್ಯಾಂಡಿಯ 1200 ಬಾಡ್ ಪ್ಯಾಕೆಟ್‌ಗಳು ಪರದೆ ಮೇಲೆ ಸರಿಯಾಗಿ ಡಿಕೋಡ್ ಆಗುತ್ತಿವೆ. ಆದರೆ ಒಂದೂ ನಕ್ಷೆಗೆ ಹೋಗುತ್ತಿಲ್ಲ.

ಪಾಸ್‌ಕೋಡ್ ಸರಿಯಿದೆ, ಸರ್ವರ್ 'ವೆರಿಫೈಡ್' ಅನ್ನುತ್ತಿದೆ. ಪೋರ್ಟ್ 14580. ಕಾಲ್‌ಸೈನ್ ಕೊನೆಯ ಗುರುತು ಸಂಖ್ಯೆಯಾಗಿ ಐಗೇಟ್‌ಗೆ -10, ಹ್ಯಾಂಡಿಗೆ -7 ಕೊಟ್ಟಿದ್ದೇನೆ. ಎರಡು ರಾತ್ರಿ ಇದರಲ್ಲೇ ಕಳೆಯಿತು. ಹ್ಯಾಂಡಿ ಸೆಕೆಂಡ್ ಹ್ಯಾಂಡ್. ಅದರ ಪಾತ್‌ನಲ್ಲಿ (ಪ್ಯಾಕೆಟ್ ಹೇಗೆ ಮುಂದೆ ಹೋಗಬೇಕು ಎಂಬ ಸೆಟ್ಟಿಂಗ್) ಹಳೆಯ ಮಾಲೀಕರು ಹಾಕಿದ 'ಆರ್‌ಎಫ್‌ಓನ್ಲಿ' (ರೇಡಿಯೊದಲ್ಲಿ ಮಾತ್ರ) ಇವತ್ತು ಕಣ್ಣಿಗೆ ಬಿತ್ತು.

ಐಗೇಟ್ ಪ್ಯಾಕೆಟ್ ಬಿಡದಿರುವುದು ಇದರಿಂದಲೇನಾ? ಅದನ್ನು ತೆಗೆದು 'ವೈಡ್1-1' (ಬೇರೆ ಸ್ಟೇಷನ್ ಒಮ್ಮೆ ಮರುಪ್ರಸಾರ ಮಾಡಲಿ ಎಂಬ ಸೂಚನೆ) ಹಾಕಿದರೆ ಸಾಕಾ, ಡೈರ್‌ವುಲ್ಫ್‌ನಲ್ಲೂ ಏನಾದರೂ ಬದಲಿಸಬೇಕಾ?